ಟ್ರುಗನಿನಾದಲ್ಲಿ ಘನ ಸಮೀಕರಣದ ತಾಳಮದ್ದಳೆ

ಕೆಲ್ಲಿವಿಲ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗವಿದೆ. ನಿಲ್ಲುವುದು ಮಾತ್ರ ಒಂದೇ. ಉಳಿದರ್ಧದಲ್ಲಿ ಬಿಸಾಡಲು ಮನಸ್ಸು ಬಾರದ ಸಾಮಾನುಗಳು ಬಾಡಿಗೆ ಕೊಡದೆ ವಾಸವಾಗಿವೆ. ಹೋದ ಭಾನುವಾರ ಅಲ್ಲಿದ್ದ ಹಳೆಯ ಸೂಟ್‌ಕೇಸನ್ನು ತಲೆಕೆಳಗು ಮಾಡಿ ಕೊಡವಿದಾಗ ಟಣ್ಣನೆ ಕೆಳಗೆ ಬಿದ್ದದ್ದು ನನ್ನ ಹೈಸ್ಕೂಲಿನ ಕೈವಾರ. ಒಂದು ಕಾಲು ಸೊಟ್ಟ, ಪೆನ್ಸಿಲ್ ಸಿಕ್ಕಿಸುವ ಕಡೆ ತುಕ್ಕು. ತುಮಕೂರಿನಿಂದ ಅಕೌಂಟಿಂಗ್ ಓದಲು ಸಿಡ್ನಿಗೆ ಬಂದಾಗ, ಅಮ್ಮ ಕೊಟ್ಟ ಚಟ್ನಿಪುಡಿಯನ್ನೇ ತೂಕ ಹೆಚ್ಚಾಯಿತೆಂದು ಅರ್ಧ ತೆಗೆದಿಟ್ಟವಳು ನಾನು. ಅಂಥವಳು ಈ ಕಬ್ಬಿಣದ ಕಡ್ಡಿಯನ್ನು ಯಾಕೆ ತುಂಬಿಕೊಂಡು ಬಂದೆನೋ, ನೆನಪಿಲ್ಲ.

ಕೈವಾರದಿಂದ ನಾನು ವೃತ್ತ ಎಳೆದದ್ದಕ್ಕಿಂತ ಬೆಂಚಿನ ಮೇಲೆ ಹೆಸರು ಕೊರೆದದ್ದು ಹೆಚ್ಚು. ನಮ್ಮ ಕಾಲದ ಕಂಪಾಸ್ ಬಾಕ್ಸ್ ಬಲ್ಲವರಿಗೆ ಗೊತ್ತು, ಅದರೊಳಗೆ ಗಣಿತಕ್ಕೆ ಸಂಬಂಧಪಟ್ಟದ್ದು ಇರುತ್ತಿದ್ದದ್ದೇ ಕಡಿಮೆ. ನನ್ನದರಲ್ಲಿ ಉಪ್ಪು ಖಾರ ಹಾಕಿ ಕುಟ್ಟಿದ ಹುಣಸೆಹಣ್ಣಿನ ಉಂಡೆ, ಬಸ್ ಪಾಸು, ಘಮಘಮಿಸುವ ರಬ್ಬರು, ತರಗತಿಯ ಅರ್ಧ ಜನರ ಅಡ್ಡಹೆಸರು ಬರೆದ ಚೀಟಿ. ಆ ಎರಡು ತ್ರಿಕೋನದ ಪಟ್ಟಿಗಳಿಂದ ಏನು ಮಾಡಬೇಕಿತ್ತು ಎನ್ನುವುದು ನನಗೆ ಇವತ್ತಿಗೂ ತಿಳಿಯದು. ಬೀಜಗಣಿತ ಶುರುವಾದ ದಿನ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, “ಎಕ್ಸ್ ಎಂದಿರಲಿ” ಅಂದರು. “ಯಾಕಿರಬೇಕು ಸಾರ್?” ಎಂದು ಕೇಳಿಬಿಟ್ಟೆ. ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು, ಒಳ್ಳೆಯ ಮನುಷ್ಯ, ಬೈಯಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ದೊಡ್ಡ ಮನಸ್ಸು ಮಾಡಿ ನನ್ನನ್ನು ಪಾಸು ಮಾಡಿತು. ಆಮೇಲೆ ನಾವಿಬ್ಬರೂ ಒಬ್ಬರ ದಾರಿಗೆ ಒಬ್ಬರು ಬರಲಿಲ್ಲ. ಅಕೌಂಟಿಂಗ್ ಓದಿದವಳು ಹೀಗೆನ್ನುವುದು ವಿಚಿತ್ರ ಅನ್ನಿಸಬಹುದು. ಅಲ್ಲಿ ಕೂಡುವುದು ಕಳೆಯುವುದು ಕಂಪ್ಯೂಟರ್. ನಾನು ಕಂಪ್ಯೂಟರಿನ ಮುಂದೆ ಕೂತಿರುತ್ತೇನೆ, ಅಷ್ಟೇ.

ಇಂಥ ನಾನು ಈಗ ಸಿಡ್ನಿಯ ಒಂದಿಷ್ಟು ಮಕ್ಕಳ ಪಾಲಿಗೆ ಗಣಿತಜ್ಞರ ಕತೆ ಹೇಳುವ ಆಂಟಿ. ಅದು ಹೇಗಾಯಿತೆಂದರೆ, ಎಪ್ಪಿಂಗ್‌ನಲ್ಲಿ ಪ್ರತಿ ಶನಿವಾರ ನಾವು ಕನ್ನಡದ ಕ್ಲಾಸು ನಡೆಸುತ್ತೇವೆ. ಬರುವ ಮಕ್ಕಳು ಅಲ್ಲೇ ಹತ್ತಿರದಲ್ಲಿ ಗಣಿತದ ಕೋಚಿಂಗ್ ಮುಗಿಸಿಕೊಂಡು, ಹಿಂಡಿದ ನಿಂಬೆಹಣ್ಣಿನ ಹಾಗೆ ಬಂದು ಕೂರುತ್ತಾರೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಒಂದು ದಿನ ಒಬ್ಬ ಹುಡುಗ ಗ್ರಾಫಿನ ಹಾಳೆ ಹಿಡಿದು, “ಆಂಟಿ, ಕೆನ್ ಯು ಹೆಲ್ಪ್?” ಎಂದು ಬಂದ. ನನಗೆ ಬೆವರು ಬಂತು. ಲೆಕ್ಕದಿಂದ ತಪ್ಪಿಸಿಕೊಳ್ಳಲು, “ಈ ಗೆರೆಗಳನ್ನು ಯಾರು ಕಂಡುಹಿಡಿದರು ಗೊತ್ತಾ?” ಎಂದು ಕತೆ ತೆಗೆದೆ. ಅವನು ಹಾಳೆ ಮಡಿಸಿ ಕೂತ. ಉಳಿದವರೂ ತಲೆ ಎತ್ತಿದರು. ನಾನು ಬಚಾವಾದೆ.

ಆದರೆ ಮುಂದಿನ ಶನಿವಾರ ಅವರಿಗೆ ಇನ್ನೊಂದು ಕತೆ ಬೇಕಾಯಿತು. ಹಾಗಾಗಿ ಮೂವತ್ತು ವರ್ಷ ಗಣಿತದಿಂದ ಓಡಿದವಳು ಮೆಟ್ರೋದಲ್ಲಿ ಕೂತು ಗಣಿತಜ್ಞರ ಜೀವನ ಓದತೊಡಗಿದೆ. ಓದುತ್ತಾ ಹೋದರೆ ಆಶ್ಚರ್ಯ. ಎಕ್ಸನ್ನು ಇರಲಿ ಅಂದವರೆಲ್ಲ ನಮ್ಮ ನಿಮ್ಮ ಹಾಗೆ ಹಲ್ಲುನೋವು, ಮದುವೆ, ಸೋಮಾರಿತನ ಇದ್ದವರು.

ಅವರ ಫ್ರೆಂಚ್, ಇಟಾಲಿಯನ್ ಹೆಸರುಗಳು ನನ್ನ ಬಾಯಿಗೆ ಬಂದ ಕೂಡಲೇ ತುಮಕೂರಿನ ದಾರಿ ಹಿಡಿಯುತ್ತಿದ್ದವು. ಕೇಳಲಾರದೆ ಮಕ್ಕಳೇ ಎಲ್ಲರಿಗೂ ಬೇರೆ ನಾಮಕರಣ ಮಾಡಿದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪನ ವಯಸ್ಸಿನವರೆಲ್ಲ ಅಂಕಲ್. ನಾನೂರು, ಐನೂರು ವರ್ಷದ ಹಿಂದಿನವರಿಗೂ ವಿನಾಯಿತಿ ಸಿಗಲಿಲ್ಲ. ಅವರ ನಿಜವಾದ ಹೆಸರು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಾನು ನಮ್ಮ ಕ್ಲಾಸಿನ ಹೆಸರುಗಳನ್ನೇ ಹೇಳುತ್ತೇನೆ.

ಗ್ರಾಫಿನವರು ಹಾಸಿಗೆ ಅಂಕಲ್. ಬೆಳಿಗ್ಗೆ ಬೇಗ ಏಳುವುದೆಂದರೆ ಆಗದು. ಹೊತ್ತೇರುವವರೆಗೂ ಹಾಸಿಗೆಯಲ್ಲಿ ಬಿದ್ದುಕೊಂಡೇ ಯೋಚಿಸುತ್ತಿದ್ದರು. ಹಾಗೆ ಮಲಗಿದ್ದಾಗ ಸೂರಿನ ಮೇಲೆ ಹರಿಯುವ ನೊಣ ನೋಡಿ, ಅದು ಎಲ್ಲಿದೆ ಎಂದು ಎರಡು ಗೋಡೆಗಳಿಂದ ಅಳೆದು ಹೇಳಬಹುದಲ್ಲ ಎಂದು ಹೊಳೆಯಿತಂತೆ. ನಿಜವೋ ಯಾರೋ ಕಟ್ಟಿದ್ದೋ, ಚೆನ್ನಾಗಂತೂ ಇದೆ. ಕೊನೆಗಾಲದಲ್ಲಿ ಸ್ವೀಡನ್ನಿನ ರಾಣಿ ಪಾಠ ಹೇಳಲು ಕರೆಸಿಕೊಂಡು ಮುಂಜಾನೆ ಐದಕ್ಕೇ ಬರಬೇಕೆಂದಳು. ಆ ಚಳಿಯಲ್ಲಿ ಕಾಯಿಲೆ ಬಿದ್ದು ಹೋಗಿಬಿಟ್ಟರು. ಐದಕ್ಕೆ ಎದ್ದು ಸ್ವಿಮ್ಮಿಂಗ್‌ಗೆ ಹೋಗುವ ನಮ್ಮ ಹುಡುಗರು ಇದನ್ನು ಕೇಳಿ ಅಮ್ಮಂದಿರ ಮುಖವನ್ನು ಅರ್ಥಪೂರ್ಣವಾಗಿ ನೋಡಿದರು. ಹಲ್ಲುನೋವು ಅಂಕಲ್ಲನ್ನು ಚಿಕ್ಕಂದಿನಲ್ಲಿ ಅಪ್ಪ ಗಣಿತದಿಂದ ದೂರ ಇಟ್ಟಿದ್ದರು. ಹುಡುಗ ನೆಲದ ಮೇಲೆ ಇದ್ದಿಲಿನಿಂದ ಆಕೃತಿ ಬರೆದು ಸ್ವಂತ ಕಲಿತುಬಿಟ್ಟ. ದೊಡ್ಡವರಾದ ಮೇಲೆ ಒಮ್ಮೆ ಹಲ್ಲುನೋವು ತಡೆಯಲಾರದೆ, ಉರುಳುವ ಚಕ್ರದ ಅಂಚಿನ ಒಂದು ಚುಕ್ಕೆ ಎಂಥ ದಾರಿ ಹಿಡಿಯುತ್ತದೆ ಎಂದು ಯೋಚಿಸುತ್ತಾ ಕೂತರಂತೆ. ನೋವು ಮಾಯ. ಹಲ್ಲಿಗೆ ಬ್ರೇಸಸ್ ಹಾಕಿಸಿಕೊಂಡ ಹುಡುಗಿಯೊಬ್ಬಳು ಮರುವಾರ ಬಂದು, “ಇಟ್ ಡಸಂಟ್ ವರ್ಕ್, ಆಂಟಿ” ಎಂದು ವರದಿ ಮಾಡಿದಳು.

ಪೀಪಾಯಿ ಅಂಕಲ್ ತನ್ನ ಮದುವೆಗೆ ತರಿಸಿದ ದ್ರಾಕ್ಷಾರಸವನ್ನು ವ್ಯಾಪಾರಿ ಒಂದು ಕೋಲು ಇಳಿಬಿಟ್ಟು ಅಳೆದದ್ದು ನೋಡಿ ಅನುಮಾನಗೊಂಡು, ಪೀಪಾಯಿ ಅಳೆಯುವ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮದುವೆ ಹೆಣ್ಣು ಏನಂದಳೋ ಎಲ್ಲೂ ಬರೆದಿಲ್ಲ. ಅದೇ ಅಂಕಲ್, ಮುಪ್ಪಿನ ತಾಯಿಯನ್ನು ಮಾಟಗಾತಿ ಎಂದು ಜೈಲಿಗೆ ಹಾಕಿದಾಗ ನಕ್ಷತ್ರ ಗ್ರಹ ಎಲ್ಲ ಬಿಟ್ಟು ಓಡಿಬಂದು, ವಾದ ಮಾಡಿ ಬಿಡಿಸಿಕೊಂಡರು. ಇದನ್ನು ಹೇಳಿದ ದಿನ ನಮ್ಮ ಕೋಣೆಯಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಮಿಲಾನ್ ಆಂಟಿ ಎಳೆಯ ವಯಸ್ಸಿನಲ್ಲೇ, ಹೆಣ್ಣುಮಕ್ಕಳೂ ಓದಬೇಕೆಂದು ದೊಡ್ಡವರ ಸಭೆಯಲ್ಲಿ ಲ್ಯಾಟಿನ್ನಿನಲ್ಲಿ ಭಾಷಣ ಹೇಳಿದವರು. ಮುಂದೆ ಗಣಿತದ ಎರಡು ದಪ್ಪ ಸಂಪುಟ ಬರೆದರು. ಅವರಿಗೆ ಲ್ಯಾಟಿನ್ನೇ ಬಂದಿದೆ, ನಿಮಗೆ ಕನ್ನಡ ಬರಲ್ವಾ ಎಂದೆ. “ಶಿ ಡಿಡಂಟ್ ಹ್ಯಾವ್ ಕೋಚಿಂಗ್” ಎಂಬ ಉತ್ತರ ಬಂತು.

ಈ ಕತೆಗಳನ್ನೆಲ್ಲ ಹಿಂದಿನ ಸಾಲಿನಲ್ಲಿ ಕೂತು, ಮಾತೇ ಆಡದೆ ಕೇಳುತ್ತಿದ್ದವಳು ಧೃತಿ. ಇಯರ್ ಸೆವೆನ್ನಿನ ಹುಡುಗಿ, ಉಡುಪಿ ಕಡೆಯವರು, ಮನೆಯಲ್ಲಿ ತುಳು. ಅಪ್ಪ ಸುಧಾಕರ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾರೆ. ಧೃತಿಗೆ ಮಾತು ತೊದಲುತ್ತದೆ. ಒಂದು ಪದದ ಮೊದಲಕ್ಷರದಲ್ಲಿ ಸಿಕ್ಕಿಹಾಕಿಕೊಂಡರೆ ಕಣ್ಣು ಮುಚ್ಚಿ, ಗಲ್ಲ ಎತ್ತಿ, ಆ ಅಕ್ಷರವನ್ನು ದಾಟಲು ಒದ್ದಾಡುತ್ತಾಳೆ. ಅಷ್ಟರಲ್ಲಿ ಪಕ್ಕದವರು ಆ ಪದವನ್ನು ತಾವೇ ಹೇಳಿಬಿಡುತ್ತಾರೆ. ಅವರೆಲ್ಲ ಕೆಟ್ಟವರಲ್ಲ, ಅಪ್ಪನೂ ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಪದ ನಮ್ಮದಾಗುತ್ತಿತ್ತು, ಅವಳು ಸುಮ್ಮನಾಗುತ್ತಿದ್ದಳು.

ಒಂದು ಶನಿವಾರ ನಾನು ತೊದಲನ ಕತೆ ಶುರುಮಾಡಿದೆ. ಹೆಸರು ಮಕ್ಕಳು ಇಟ್ಟದ್ದಲ್ಲ. ಇಟಲಿಯಲ್ಲಿ ಅವನ ಊರಿನವರೇ ಅವರ ಭಾಷೆಯಲ್ಲಿ ಹಾಗೆ ಕರೆದರು. ಅದೇ ಹೆಸರಾಗಿ ಉಳಿಯಿತು. ಅವನು ಹುಡುಗನಾಗಿದ್ದಾಗ ಊರಿಗೆ ಸೈನ್ಯ ನುಗ್ಗಿತು. ಚರ್ಚಿನೊಳಗೆ ಅಡಗಿದ್ದ ಮಗುವಿಗೆ ಒಬ್ಬ ಸೈನಿಕ ಕತ್ತಿ ಬೀಸಿ ದವಡೆ ಸೀಳಿದ. ವೈದ್ಯನನ್ನು ಕರೆಸುವ ಶಕ್ತಿಯಿಲ್ಲದ ತಾಯಿ, ನಾಯಿ ತನ್ನ ಗಾಯವನ್ನು ನೆಕ್ಕಿಯೇ ವಾಸಿ ಮಾಡಿಕೊಳ್ಳುವುದನ್ನು ನೆನೆದು, ಮಗನ ಗಾಯವನ್ನು ಹಾಗೆಯೇ ಶುಚಿ ಮಾಡುತ್ತಾ ಕಾಪಾಡಿದಳು. ಹುಡುಗ ಬದುಕಿದ, ಮಾತು ಮಾತ್ರ ತೊದಲಿತು.

ಇಲ್ಲಿಗೆ ಬಂದಾಗ ಮುಂದಿನ ಸಾಲಿನ ಒಬ್ಬ ಪೋರ ಕಿಸಕ್ಕನೆ ನಕ್ಕು “ತೊ-ತೊ-ತೊದಲ” ಅಂದ. ಅಂದ ಕೂಡಲೇ ಅವನಿಗೇ ಹಿಂದೆ ಕೂತವಳ ನೆನಪಾಗಿ ಮುಖ ಕೆಂಪಾಯಿತು. ನನಗೂ ಈ ಕತೆಯನ್ನು ಯಾಕಾದರೂ ತೆಗೆದೆನೋ ಅನ್ನಿಸಿತು. ಕತೆ ನಿಲ್ಲಿಸಿ ಕಾಗುಣಿತಕ್ಕೆ ಹೋಗೋಣವೆಂದು ಪುಸ್ತಕ ತೆಗೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಧ್ವನಿ ಬಂತು.

“ಡಿ... ಡಿಡ್ ಹೀ ವಿನ್?”

ಅವಳು ಕ್ಲಾಸಿನಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

“ಗೆದ್ದ,” ಅಂದೆ. “ಕೇಳು ಹೇಗೆ ಅಂತ.”

ಆ ಕಾಲದಲ್ಲಿ ಇಟಲಿಯಲ್ಲಿ ಗಣಿತದವರು ಕುಸ್ತಿಯವರ ಹಾಗೆ ಪಂಥ ಕಟ್ಟುತ್ತಿದ್ದರು. ಒಬ್ಬನಿಗೊಬ್ಬ ಮೂವತ್ತು ಪ್ರಶ್ನೆ ಕೊಡುವುದು. ಹೆಚ್ಚು ಬಿಡಿಸಿದವನು ಗೆದ್ದ. ಸೋತವನು ಗೆದ್ದವನಿಗೂ ಅವನ ಗೆಳೆಯರಿಗೂ ಮೂವತ್ತು ಔತಣ ಹಾಕಿಸಬೇಕು. ತೊದಲನಿಗೆ ಸವಾಲು ಹಾಕಿದವನ ಬಳಿ ಒಂದು ಗುಟ್ಟಿತ್ತು. ಘನ ಸಮೀಕರಣ ಎಂಬ, ಅಲ್ಲಿವರೆಗೆ ಯಾರಿಗೂ ಬಗ್ಗದ ಲೆಕ್ಕವನ್ನು ಬಿಡಿಸುವ ಸೂತ್ರವನ್ನು ಅವನ ಗುರು ಸಾಯುವ ಮೊದಲು ಅವನಿಗೆ ಹೇಳಿಕೊಟ್ಟಿದ್ದರು. ನಮ್ಮ ಮಕ್ಕಳು ಅವನನ್ನು ಸೀಕ್ರೆಟ್ ಅಂಕಲ್ ಅಂದರು. ಅವನು ಮೂವತ್ತು ಪ್ರಶ್ನೆಯನ್ನೂ ಆ ಒಂದೇ ಜಾತಿಯವು ಕೊಟ್ಟ. ಗಡುವು ಒಂದು ತಿಂಗಳಿಗೂ ಹೆಚ್ಚು. ತೊದಲನಿಗೆ ಹೇಳಿಕೊಡುವ ಗುರು ಯಾರೂ ಇರಲಿಲ್ಲ. ತಲೆ ಕೆಡಿಸಿಕೊಂಡು ಕೂತ. ಗಡುವಿಗೆ ಇನ್ನು ಕೆಲವೇ ದಿನ ಇರುವಾಗ ಸೂತ್ರ ತಾನಾಗಿ ಹೊಳೆಯಿತು. ಮೂವತ್ತನ್ನೂ ಎರಡು ಗಂಟೆಯೊಳಗೆ ಬಿಡಿಸಿಟ್ಟ. ಅವನು ಕೊಟ್ಟ ಥರಥರದ ಪ್ರಶ್ನೆಗಳ ಮುಂದೆ ಸೀಕ್ರೆಟ್ ಅಂಕಲ್ ಸುಮ್ಮನೆ ಕೂತಿದ್ದ. ಗೆದ್ದವನು ಔತಣ ಬೇಡವೆಂದ, ಗೆದ್ದದ್ದೇ ಸಾಕೆಂದ.

ಮೂವತ್ತು ಊಟ ಬಿಟ್ಟದ್ದಕ್ಕೆ ತರಗತಿಯಲ್ಲಿ ದೊಡ್ಡ ಗಲಾಟೆಯಾಯಿತು. ಧೃತಿ ಮಾತ್ರ ಏನೋ ಯೋಚಿಸುತ್ತಿದ್ದಳು.

ಸಿಡ್ನಿಯ, ಮೆಲ್ಬರ್ನಿನ ಕನ್ನಡದ ಮಕ್ಕಳು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಕಾರ್ಯಕ್ರಮ ಮಾಡುತ್ತಾರೆ. ಆ ವರ್ಷ ಮೆಲ್ಬರ್ನಿನ ಟ್ರುಗನಿನಾದಲ್ಲಿ. ನಾವು ಈ ಪಂಥವನ್ನೇ ನಾಟಕ ಮಾಡೋಣವೆಂದು ನಿಶ್ಚಯಿಸಿದೆವು. ನಾನು ಬರೆದೆ. ಓದಿದ ನನ್ನ ಗಂಡ ಮಂಜುನಾಥ್, “ಇಬ್ರು ಕೂತ್ಕೊಂಡು ಲೆಕ್ಕ ಮಾಡ್ತಾರೆ, ಜನ ನೋಡ್ತಾರೆ. ಇದರಲ್ಲಿ ನಾಟಕ ಎಲ್ಲಿದೆ?” ಎಂದು ಕೇಳಿದರು. ಕೋಪ ಬಂತು, ಯಾಕೆಂದರೆ ನಿಜವಾಗಿತ್ತು.

ದಾರಿ ತೋರಿಸಿದ್ದು ಸುಧಾಕರ್. ಮಗಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತು ಹಾಳೆಗಳನ್ನು ಓದಿ ಅಂದರು: “ಎಂತ ಮಾರಾಯ್ರೆ, ಇಬ್ಬರು ಎದುರುಬದುರು ಕೂತು ವಾದ ಮಾಡುವುದಲ್ವಾ? ನಮ್ಮಲ್ಲಿ ಅದಕ್ಕೆ ತಾಳಮದ್ದಳೆ ಅಂತ ಹೇಳ್ತಾರೆ.”

ಬಯಲುಸೀಮೆಯ ನನಗೆ ಅದರ ಹೆಸರು ಗೊತ್ತಿತ್ತು, ನೋಡಿದ್ದಿಲ್ಲ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಪಂಚೆ ಶಾಲು ಹೊದ್ದು ಎದುರುಬದುರು ಕೂತು, ಆ ಪದ್ಯದ ಮೇಲೆ ಸ್ವಂತ ಮಾತು ಕಟ್ಟಿ ಪಾತ್ರವಾಗಿ ವಾದಿಸುತ್ತಾರೆ. ಬರೆದುಕೊಂಡದ್ದನ್ನು ಒಪ್ಪಿಸುವ ಹಾಗಿಲ್ಲ. ಎದುರಿನವನು ಎತ್ತ ಎಳೆದರೆ ಅತ್ತ ಹೋಗಿ ಉತ್ತರ ಕೊಡಬೇಕು. ಸುಧಾಕರ್ ಊರಿನಲ್ಲಿದ್ದಾಗ ಭಾಗವತಿಕೆ ಕಲಿತವರು. ಮೂರು ದಿನದಲ್ಲಿ ಘನ ಸಮೀಕರಣವನ್ನು ಷಟ್ಪದಿಯಲ್ಲಿ ಕೂರಿಸಿಕೊಂಡು ಬಂದರು, ಅದರ ಮೊದಲರ್ಧ ಇದು:

ಘನಕೆ ತನ್ನಯ ಆರರಷ್ಟನು
ಕೊನೆಗೆ ಕೂಡಿದೊಡಿಪ್ಪತಾದುದು
ಎನಗೆ ಪೇಳೆಲೊ ಮೂಲವೇನದು ಪಂಡಿತೋತ್ತಮನೇ

“ಇಪ್ಪತ್ತರ ಒಂದು ಒತ್ತು ಛಂದಸ್ಸಿಗೆ ಹೋಯ್ತು,” ಅಂದರು ಸಂಕೋಚದಿಂದ. ಹೋಗಲಿ ಬಿಡಿ ಅಂದೆ. ಉತ್ತರ ಎರಡು ಎಂದು ಅವರೇ ಹೇಳಿಕೊಟ್ಟರು. ಎರಡರ ಘನ ಎಂಟು, ಎರಡರ ಆರರಷ್ಟು ಹನ್ನೆರಡು, ಕೂಡಿದರೆ ಇಪ್ಪತ್ತು. ಜೀವನದಲ್ಲಿ ಮೊದಲ ಸಲ ಒಂದು ಸಮೀಕರಣ ನನಗೆ ಅರ್ಥವಾದದ್ದು ಮದ್ದಳೆಯ ಪೆಟ್ಟಿನ ಮೇಲೆ.

ಸೀಕ್ರೆಟ್ ಅಂಕಲ್ಲಿನ ಪಾತ್ರಕ್ಕೆ ಟ್ರುಗನಿನಾದ ವಾಸಣ್ಣ ಒಪ್ಪಿದರು. ಅಲ್ಲಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಊರಿನಲ್ಲಿ ಅನೇಕ ಕೂಟಗಳಲ್ಲಿ ಅರ್ಥ ಹೇಳಿದ ನುರಿತ ಮನುಷ್ಯ. ತೊದಲನ ಪಾತ್ರಕ್ಕೆ, ನಾಲ್ಕು ಮಾತು ಕನ್ನಡ ಆಡಬಲ್ಲ ಚುರುಕು ಹುಡುಗನೊಬ್ಬನನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಯಾರು ಮಾಡ್ತೀರಾ ಎಂದು ಕೇಳಿದಾಗ ಕೈ ಎತ್ತಿದ್ದು ಧೃತಿ.

ಕ್ಲಾಸು ಮುಗಿದ ಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡೆ. “ಪುಟ್ಟಾ, ಇದು ಪೂರ್ತಿ ಕನ್ನಡದಲ್ಲಿ ಮಾತಾಡೋದು. ನೀನು ಕನ್ನಡ ಮಾತಾಡಿದ್ದೇ ನಾನು ಕೇಳಿಲ್ಲ.”

ಅವಳು ತನ್ನ ಸಮಯ ತೆಗೆದುಕೊಂಡು, ಎರಡು ಭಾಷೆ ಬೆರೆಸಿ ಹೇಳಿದಳು: “ಇಂಗ್ಲಿಷಲ್ಲಿ ಎಲ್ಲರೂ ಮೈ ಸೆಂಟೆನ್ಸ್ ಮು... ಮುಗಿಸಿಬಿಡ್ತಾರೆ, ಆಂಟಿ. ಕನ್ನಡದಲ್ಲಿ ಈ ಕ್ಲಾಸಲ್ಲಿ ನೋ ವನ್ ಕೆನ್.”

ಅವಳಿಗೆ ಪಾತ್ರ ಕೊಟ್ಟೆ.

ಪ್ರಾಕ್ಟೀಸು ವಿಡಿಯೋ ಕಾಲಿನಲ್ಲಿ ನಡೆಯಿತು. ಅಲ್ಲಿ ವಾಸಣ್ಣ, ಇಲ್ಲಿ ಧೃತಿ, ಪಕ್ಕದಲ್ಲಿ ಜಾಗಟೆ ಹಿಡಿದ ಅಪ್ಪ. ಅವಳು ಕನ್ನಡವನ್ನು ಅಮ್ಮನಿಂದ, ಅಪ್ಪನಿಂದ, ಊರಿನ ಅಜ್ಜಿಗೆ ಫೋನ್ ಮಾಡಿ ಒಂದೊಂದೇ ಪದವಾಗಿ ಕೂಡಿಸಿಕೊಂಡಳು. ತೊದಲುವುದು ನಿಲ್ಲಲಿಲ್ಲ. ಆದರೆ ವಾಸಣ್ಣ ಮೊದಲ ದಿನವೇ ಒಂದು ನಿಯಮ ಹಾಕಿದರು. “ತಾಳಮದ್ದಳೆಯಲ್ಲಿ ಎದುರಿನವ ಮಾತು ಮುಗಿಸುವವರೆಗೆ ಕಾಯ್ಬೇಕು. ನಾವು ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಸುಧಾಕರ, ನಿನಗೂ ಸೇರಿ ಹೇಳಿದ್ದು.” ಸುಧಾಕರ್ ತಲೆ ತಗ್ಗಿಸಿ ಶ್ರುತಿಪೆಟ್ಟಿಗೆ ಸರಿಮಾಡಿಕೊಂಡರು.

ಒಂದು ಮಾತಿಗಾಗಿ ಮಾತ್ರ ತಕರಾರು ಬಂತು. ನನ್ನ ಮೊದಲ ಬರಹದಲ್ಲಿ ಎದುರಾಳಿ ಅವನ ತೊದಲನ್ನೇ ಹಂಗಿಸುವ ಮಾತೊಂದಿತ್ತು. ಧೃತಿ ಪಾತ್ರ ತೆಗೆದುಕೊಂಡ ದಿನವೇ ಅದನ್ನು ಹೊಡೆದುಹಾಕಿದ್ದೆ. ಅಪ್ಪನ ಕೈಯಲ್ಲಿದ್ದ ಹಳೆಯ ಪ್ರತಿಯನ್ನು ಓದಿದ್ದ ಅವಳು, ವಾದದ ಜಾಡಿಗೆಂದು ಕೊಟ್ಟ ಹೊಸ ಹಾಳೆ ತಿರುವಿ ಕೇಳಿದಳು, “ಆಂಟಿ, ದ ಮೀನ್ ಒನ್ ಎಲ್ಲಿ?”

“ಅದು ಬೇಡ ಅಂತ ತೆಗೆದೆ.”

“ಅವನಿಗೆ ಜನ ಹೇಳಿದ್ದು ನಿಜ ಅಲ್ವಾ? ಹೇಳದಿದ್ರೆ ನಾನು ಎಂತ ಆ... ಆನ್ಸರ್ ಮಾಡೋದು?”

ವಿಡಿಯೋದಲ್ಲಿದ್ದ ವಾಸಣ್ಣನ ಕಡೆ ನೋಡಿದೆ. ಅವರು ಖಡಾಖಂಡಿತವಾಗಿ ಹೇಳಿದರು: “ಇಲ್ಲ ಮಗಾ, ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.” ಧೃತಿ ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿದಳೆಂದು ನಾವೆಲ್ಲ ಅಂದುಕೊಂಡದ್ದು ನಮ್ಮ ಹಳೆಯ ಅಭ್ಯಾಸ.

ನಾವು ಕಾರಿನಲ್ಲಿ ಹೊರಟೆವು, ಏಕೆಂದರೆ ಚೆಂಡೆ ಮದ್ದಳೆಗಳನ್ನು ವಿಮಾನದವರಿಗೆ ಒಪ್ಪಿಸಲು ಸುಧಾಕರ್ ತಯಾರಿರಲಿಲ್ಲ. ಹಿಂದಿನ ಸೀಟಿನಲ್ಲಿ ಧೃತಿ ಮತ್ತು ಅವಳ ಅಪ್ಪ, ನಡುವೆ ಮದ್ದಳೆ, ಅದಕ್ಕೂ ಸೀಟ್‌ಬೆಲ್ಟ್. ಅವಳ ಅಮ್ಮನಿಗೆ ಅವತ್ತು ಡ್ಯೂಟಿ. ಹೋಗುವಾಗ ಇಡೀ ದಾರಿ ಧೃತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹುಲ್ಲು ಒಣಗಿದ ಗುಡ್ಡಗಳು, ಕುರಿ, ಮತ್ತೆ ಗುಡ್ಡ. ಭಯವಾ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ನನ್ನ ಭಯ ಗೊತ್ತಾಗುತ್ತದೆಂದು ಕೇಳಲಿಲ್ಲ.

ಟ್ರುಗನಿನಾದ ಕಮ್ಯುನಿಟಿ ಹಾಲ್ ತುಂಬಿತ್ತು. ಮೊದಲು ಪುಟಾಣಿಗಳ ಕುಣಿತ, ಆಮೇಲೆ ಒಂದು ಕ್ವಿಜ್. ಜನ ಎದ್ದು ಓಡಾಡುತ್ತಿದ್ದರು, ಮಾರ್ಟ್‌ಗೇಜ್ ಬಡ್ಡಿಯ ಬಗ್ಗೆ ಮಾತಾಡುತ್ತಿದ್ದರು, ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಇಂಥ ಜನರ ಮುಂದೆ ಘನ ಸಮೀಕರಣ.

ವೇದಿಕೆಯ ನಡುವೆ ಸುಧಾಕರ್ ಮತ್ತು ಮೇಳದವರು. ಎಡಗಡೆ ಕುರ್ಚಿಯಲ್ಲಿ ವಾಸಣ್ಣ, ಗರಿಗರಿ ಪಂಚೆ, ಜರಿ ಶಾಲು. ಬಲಗಡೆ ಧೃತಿ, ಬಿಳಿ ಕುರ್ತಾದ ಮೇಲೆ ಅಪ್ಪನ ಶಾಲು, ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಚೆಂಡೆಯ ಮೊದಲ ಪೆಟ್ಟಿಗೇ ಮಾರ್ಟ್‌ಗೇಜ್ ನಿಂತಿತು. ಸುಧಾಕರ್ ಏರುಕಂಠದಲ್ಲಿ ‘ಘನಕೆ ತನ್ನಯ’ ಎಂದು ಎತ್ತಿದಾಗ ಮುಂದಿನ ಸಾಲಿನ ಹುಡುಗರು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು.

ವಾಸಣ್ಣ ಶುರುಮಾಡಿದರು. ಏನು ಗತ್ತು. “ಎಲವೋ ಪಂಡಿತ, ನನ್ನ ಗುರುಗಳು ಕೊನೆಗಾಲದಲ್ಲಿ ನನ್ನ ಕಿವಿಯಲ್ಲಿ ಉಸುರಿದ ವಿದ್ಯೆ ಇದು. ನಿನಗೆ ಗುರು ಯಾರು? ಅಕ್ಷರ ಕಲಿಸಿದವರಾರು?”

ಧೃತಿ ಬಾಯಿ ತೆರೆದಳು. ಅಕ್ಷರ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿದಳು. ಹಾಲಿನಲ್ಲಿ ಯಾರೋ ಕೆಮ್ಮಿದರು. ಸುಧಾಕರರ ತುಟಿ ಅಲುಗಿದ್ದು ಕಂಡೆ, ಆದರೆ ಅವರು ಪದ ಹೇಳಿಕೊಡಲಿಲ್ಲ. ಶ್ರುತಿಪೆಟ್ಟಿಗೆ ಮಾತ್ರ ಒಂದೇ ಸಮನೆ ಮೊರೆಯುತ್ತಿತ್ತು. ಆ ಶ್ರುತಿಯ ಮೇಲೆ ಅವಳ ಪದ ಇಳಿಯಿತು. “ತಾ... ತಾಯಿ. ನನ್ನ ಗಾಯ ವಾಸಿ ಮಾಡಿದವಳು. ಬದುಕಿದರೆ ಕಲಿಯಬಹುದು ಎಂದು ಕಲಿಸಿದವಳು.”

ಆಮೇಲೆ ವಾದ ಏರಿತು. ಅವಳು ತಡೆದು ನಿಂತಾಗಲೆಲ್ಲ ಶ್ರುತಿ ಕಾಯಿತು, ವಾಸಣ್ಣ ಗಲ್ಲಕ್ಕೆ ಕೈಯಿಟ್ಟು ಕಾದರು. ಸ್ವಲ್ಪ ಹೊತ್ತಿಗೆ ಸಭೆಯೂ ಕಾಯುವುದನ್ನು ಕಲಿತಿತು. ಪ್ರಶ್ನೆಗಳ ವಿನಿಮಯವಾಯಿತು, ಗಡುವು ಕಳೆಯಿತು, ಮೂವತ್ತು ಉತ್ತರವೂ ಬಂತು. ಇನ್ನು ವಾಸಣ್ಣ ಸೋಲೊಪ್ಪಿಕೊಂಡರೆ ಪ್ರಸಂಗ ಮುಗಿಯಿತು. ಅವರು ಮಾತಿಗೆ ಗಂಟಲು ಸರಿಮಾಡಿಕೊಂಡರು. ಆಗ ಧೃತಿ ಕೈ ಎತ್ತಿ ತಡೆದಳು.

“ನೀವು ಒಂದು ಮಾತು ನು... ನುಂಗಿದ್ದೀರಿ. ಅದನ್ನು ಹೇಳಿ, ಆಮೇಲೆ ಸೋಲಿ.”

ಇದು ನಮ್ಮ ಯಾವ ಹಾಳೆಯಲ್ಲೂ ಇರಲಿಲ್ಲ. ವಾಸಣ್ಣ ನನ್ನ ಕಡೆ ನೋಡಿದರು. ನಾನು ಸುಧಾಕರರ ಕಡೆ ನೋಡಿದೆ. ಸುಧಾಕರ್ ಮಗಳ ಕಡೆ ನೋಡುತ್ತಿದ್ದರು. ಆಗಲಿ ಎಂದು ವಾಸಣ್ಣನಿಗೆ ಮೆಲ್ಲಗೆ ತಲೆಯಾಡಿಸಿದರು.

ವಾಸಣ್ಣ ಶಾಲು ಸರಿಮಾಡಿಕೊಂಡು, ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: “ಸರಿ ಪಂಡಿತ. ಊರೆಲ್ಲ ಕೇಳುವುದನ್ನು ನಾನೂ ಕೇಳುತ್ತೇನೆ. ತನ್ನ ಹೆಸರು ಹೇಳುವುದಕ್ಕೇ ತೊದಲುವ ನೀನು ವಿದ್ವಾಂಸರ ಎದುರು ವಾದಕ್ಕೆ ಹೇಗೆ ಬಂದೆ?”



ಧೃತಿ ಬೆನ್ನು ನೆಟ್ಟಗೆ ಮಾಡಿದಳು. 

“ನನ್ನ ಪ್ರಶ್ನೆ ನಿಮ್ಮ ಕೈಗೆ ಬಂದು ಒಂದು ತಿಂಗಳ ಮೇಲಾಯಿತು. ನಿಮ್ಮ ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಮೂವತ್ತು ಪ್ರಶ್ನೆಗೂ ನನ್ನ ಉತ್ತರ ಎರಡು ಗಂಟೆಯಲ್ಲಿ ಬಂತು.” ಇಲ್ಲಿ ನಿಂತಳು. ಬೇಕಾದ ಪದದ ಮೊದಲಕ್ಷರದಲ್ಲೇ ನಾಲಿಗೆ ಸಿಕ್ಕಿಕೊಂಡಿತು. ಅವಳು ಅವಸರ ಮಾಡಲಿಲ್ಲ. ಈ ಸಲ ಕಣ್ಣನ್ನೂ ಮುಚ್ಚಲಿಲ್ಲ. “ತೊ... ತೊ... ತೊದಲಿದ್ದು ಯಾರು?”

ಯಾರ ಅಪ್ಪಣೆಗೂ ಕಾಯದೆ ಚೆಂಡೆಯವರು ಒಂದು ಮುಕ್ತಾಯ ಬಾರಿಸಿದರು, ಸಭೆ ಎದ್ದು ನಿಂತಿತು. ಎಷ್ಟು ಹೊತ್ತು ಚಪ್ಪಾಳೆ ಬಿತ್ತೋ ಹೇಳಲಾರೆ, ನನ್ನ ಕನ್ನಡಕ ಮಂಜಾಗಿತ್ತು. “ಹೌದಪ್ಪ, ಸರಿಯಾಗಿ ಕೇಳ್ದಳು” ಎಂದು ಹಿಂದಿನಿಂದ ಒಬ್ಬರು ಅಜ್ಜಿ ದೊಡ್ಡದಾಗಿ ಹೇಳಿದ್ದು ಕೇಳಿಸಿತು. ಅರ್ಥಧಾರಿಯಾದವನಿಗೆ ಎಂಥ ಮಾತಿಗೂ ಒಂದು ಮರುಮಾತು ಇರುತ್ತದಂತೆ. ವಾಸಣ್ಣ ಅದನ್ನು ಹುಡುಕಲಿಲ್ಲ. ಶಾಲು ತೆಗೆದು ತೊಡೆಯ ಮೇಲಿಟ್ಟು ಕೈಮುಗಿದರು.

“ಪಂಡಿತರೇ, ನನಗೆ ಗುರು ಒಂದು ಸೂತ್ರ ಕೊಟ್ಟುಹೋದರು. ನಿಮಗೆ ಯಾರೂ ಏನೂ ಕೊಡಲಿಲ್ಲ, ನೀವೇ ಹುಡುಕಿಕೊಂಡಿರಿ. ನಾನು ಸೋತೆ.” ಎಲವೋ ಎಂದು ಶುರುವಾದದ್ದು ಪಂಡಿತರೇ ಎಂದು ಮುಗಿಯಿತು.

ಸುಧಾಕರ್ ಮಂಗಳ ಹಾಡಬೇಕಿತ್ತು. ಎರಡು ಸಲ ಎತ್ತಿದರು, ಎರಡು ಸಲವೂ ಪದ್ಯ ಅಲ್ಲೇ ಬಿಟ್ಟು ಮಗಳ ಕಡೆ ನೋಡಿದರು. ಕೊನೆಗೆ ಮೇಳದವರೇ ಹಾಡಿದರು.

ಊಟದ ಹೊತ್ತಿಗೆ ಮೆಲ್ಬರ್ನಿನ ಮಕ್ಕಳು ಧೃತಿಯನ್ನು ಮುತ್ತಿಕೊಂಡು, ಆ ಲೆಕ್ಕ ಇನ್ನೊಮ್ಮೆ ಹೇಳು, ಪಾಯಸ ಬೇಕಾ, ನಿನಗೆ ಅವರು ಹಾಗಂದಾಗ ಕೋಪ ಬಂತಾ ಎಂದು ಕೇಳುತ್ತಿದ್ದರು. ಅವಳು ಒಬ್ಬೊಬ್ಬರಿಗೂ ಉತ್ತರ ಹೇಳುವವರೆಗೆ ಅವರು ತಟ್ಟೆ ಹಿಡಿದು ನಿಂತಿದ್ದರು. ಮಂಜುನಾಥ್ ನನ್ನ ಪಕ್ಕ ಬಂದು, “ನಾಟಕ ಇತ್ತು ಕಣೇ” ಅಂದರು. ಈ ಮನುಷ್ಯ ತಪ್ಪು ಒಪ್ಪಿಕೊಂಡದ್ದು ನಮ್ಮ ಸಂಸಾರದಲ್ಲಿ ಅಪರೂಪದ ದಾಖಲೆ.

ಮರುದಿನ ಬೆಳಿಗ್ಗೆ ಸಿಡ್ನಿಗೆ ಹೊರಟೆವು. ಮೆಲ್ಬರ್ನಿನ ಕೊನೆಯ ಸಬರ್ಬು ದಾಟುವಾಗ ಹಿಂದಿನ ಸೀಟಿನಿಂದ ಧೃತಿ ಶುರುಮಾಡಿದಳು. ಆ ಸೂತ್ರವನ್ನು ಆಮೇಲೆ ತೊದಲನಿಂದ ಇನ್ನೊಬ್ಬ ಯಾರಿಗೂ ಹೇಳಲ್ಲವೆಂದು ಆಣೆ ಮಾಡಿ ಕೇಳಿಸಿಕೊಂಡು ಪುಸ್ತಕದಲ್ಲಿ ಹಾಕಿಬಿಟ್ಟನಂತೆ, ನನಗೆ ಯಾಕೆ ಹೇಳಲಿಲ್ಲ, ಅವನ ಪರವಾಗಿ ಯಾರು ವಾದ ಮಾಡಿದರು, ಮಿಲಾನ್ ಆಂಟಿಯ ಭಾಷಣ ಎಷ್ಟು ಉದ್ದ ಇತ್ತು, ಪೀಪಾಯಿ ಅಂಕಲ್ಲಿನ ಅಮ್ಮ ಬಿಡುಗಡೆಯಾದ ಮೇಲೆ ಏನು ಊಟ ಮಾಡಿದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಬೈಯುವುದಿದ್ದರೆ ತುಳು. ಅಲ್ಲಲ್ಲಿ ನಿಲ್ಲುತ್ತಿದ್ದಳು, ನಾವು ನಿಲ್ಲುತ್ತಿದ್ದೆವು, ಮತ್ತೆ ಹೊರಡುತ್ತಿದ್ದಳು. ವಿಕ್ಟೋರಿಯಾ ಮುಗಿಯಿತು, ನದಿ ದಾಟಿದೆವು, ಆಲ್ಬರಿಯಲ್ಲಿ ಕಾಫಿ ಕುಡಿದೆವು. ಅರ್ಧ ದಾರಿ ಕಳೆದು ಗುಂಡಗೈ ಬರುವವರೆಗೂ ಆ ಕಾರಿನಲ್ಲಿ ಬೇರೆ ಯಾರಿಗೂ ಮಾತಾಡಲು ಅವಕಾಶ ಸಿಗಲಿಲ್ಲ.